ನೆಲದಡಿಯ ನೀರು ಯಾರದು?

ನಮ್ಮ ಬಯಲುಸೀಮೆಯ ಊರುಗಳಲ್ಲಿ ರೈತರ ನಡುವೆ ಹುಟ್ಟುವ ವ್ಯಾಜ್ಯಗಳಲ್ಲಿ ಒಂದು ಬಗೆಯದು ಸಾಮಾನ್ಯವಾಗಿ ನ್ಯಾಯಾಲಯದ ಮೆಟ್ಟಿಲನ್ನು ಏರುವುದಿಲ್ಲ. ಏರಿದರೂ ಅಲ್ಲಿ ನಿಲ್ಲುವುದು ಕಷ್ಟ. ಒಬ್ಬನ ಹೊಲದಲ್ಲಿ ಅಜ್ಜನ ಕಾಲದ ತೆರೆದ ಬಾವಿಯಿರುತ್ತದೆ. ಪಕ್ಕದ ಹೊಲದವನು ಆರುನೂರು ಎಂಟುನೂರು ಅಡಿಯ ಕೊಳವೆಬಾವಿಯನ್ನು ಕೊರೆಯಿಸುತ್ತಾನೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಳೆಯ ಬಾವಿಯ ಒರತೆ ಬತ್ತಿಹೋಗುತ್ತದೆ. ಕೊರೆಯಿಸಿದವನು ಯಾರ ಬದುವನ್ನೂ ಒತ್ತಲಿಲ್ಲ, ಯಾರ ಕಾಲುವೆಯನ್ನೂ ಒಡೆಯಲಿಲ್ಲ. ತನ್ನ ನೆಲದಲ್ಲಿ, ತಾನು ಸಾಲ ತಂದ ಹಣದಲ್ಲಿ ಕೊರೆಯಿಸಿದನು. ಬಾವಿ ಕಳೆದುಕೊಂಡವನು, "ಬುದ್ಧಿ, ಇದು ಅನ್ಯಾಯ ಹೌದೋ ಅಲ್ಲವೋ?" ಎಂದು ಕೇಳಿದರೆ, ಕೊರೆಯಿಸಿದವನು, "ಬುದ್ಧಿ, ನನ್ನ ಹೊಲದೊಳಗೆ ನಾನು ಬೋರು ಹಾಕಿಸಿದ್ದು ತಪ್ಪೇ?" ಎಂದು ಕೇಳುತ್ತಾನೆ. ಇಬ್ಬರೂ ಸುಳ್ಳಾಡುವವರಲ್ಲ, ಇಬ್ಬರಲ್ಲಿಯೂ ಕೇಡಿನ ಉದ್ದೇಶವಿಲ್ಲ. ಆದುದರಿಂದಲೇ ಈ ಪ್ರಶ್ನೆ ವಿಚಾರಕ್ಕೆ ಯೋಗ್ಯವಾದುದಾಗಿದೆ.

ಮೊದಲು ಕಾನೂನಿನ ಮಾತನ್ನು ನೋಡೋಣ. 1882ರ ಈಸ್‌ಮೆಂಟ್ ಕಾಯಿದೆಯ 7ನೆಯ ಪ್ರಕರಣದ ಪ್ರಕಾರ, ನಿಶ್ಚಿತವಾದ ಕಾಲುವೆಯಲ್ಲಿ ಹರಿಯದೆ ನೆಲದಡಿಯಲ್ಲಿರುವ ನೀರನ್ನು ಆಯಾ ನೆಲದ ಒಡೆಯನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿಕೊಳ್ಳಬಹುದು, ವಿನಿಯೋಗಿಸಬಹುದು. ಈ ವಿಚಾರ ಇಂಗ್ಲೆಂಡಿನಿಂದ ಬಂದುದು. 1843ರಲ್ಲಿ ಅಲ್ಲಿಯ ಹತ್ತಿಗಿರಣಿಯ ಮಾಲೀಕನೊಬ್ಬನು, ನೆರೆಯವರು ಕಲ್ಲಿದ್ದಲಿಗಾಗಿ ಗಣಿ ತೋಡಿದ್ದರಿಂದ ತನ್ನ ಬಾವಿ ಒಣಗಿತೆಂದು ದಾವೆ ಹೂಡಿದನು. ನ್ಯಾಯಾಲಯವು ಅವನಿಗೆ ಪರಿಹಾರವಿಲ್ಲವೆಂದಿತು. ನದಿಯ ನೀರು ಕಣ್ಣಿಗೆ ಕಾಣುತ್ತದೆ, ಅದರ ಹರಿವು ಎಲ್ಲರಿಗೂ ಗೊತ್ತು. ಭೂಗರ್ಭದ ಸೆಲೆಗಳು ಎಲ್ಲಿ ಹುಟ್ಟಿ ಎತ್ತ ಹೋಗುತ್ತವೆಂಬುದನ್ನು ಯಾರೂ ಅರಿಯರು, ಅರಿಯದ ವಸ್ತುವಿನ ವಿಷಯದಲ್ಲಿ ಹಕ್ಕುಬಾಧ್ಯತೆಗಳನ್ನು ಹೇಗೆ ನಿರ್ಣಯಿಸುವುದು ಎಂಬುದು ಆ ತೀರ್ಪಿನ ಹಿಂದಿದ್ದ ಮುಖ್ಯ ತರ್ಕ. ನಮ್ಮ ರಾಜ್ಯದಲ್ಲಿ 1999ರಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿಯೂ 2011ರಲ್ಲಿ ಅಂತರ್ಜಲದ ನಿಯಂತ್ರಣಕ್ಕಾಗಿಯೂ ಕಾಯಿದೆಗಳಾಗಿವೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದು. ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿಗೆ ಅನುಮತಿ ಪಡೆಯಬೇಕು. ಆದರೆ ಈ ಕಾಯಿದೆಗಳು ಅನುಮತಿಯ ಮಾತನ್ನು ಆಡುತ್ತವೆಯೇ ಹೊರತು ನೀರು ಯಾರದೆಂಬ ಮೂಲಪ್ರಶ್ನೆಗೆ ಕೈಹಾಕುವುದಿಲ್ಲ.

ಅರಿಯೆನೆಂಬುದು 1843ರಲ್ಲಿ ಒಂದು ಪ್ರಾಮಾಣಿಕವಾದ ಉತ್ತರವಾಗಿದ್ದಿರಬಹುದು. ಇಂದು ಅದು ಉತ್ತರವಾಗಲಾರದು. ಚಿತ್ರದುರ್ಗ, ತುಮಕೂರು, ಕೋಲಾರದ ಕಡೆಯ ನೆಲವೆಲ್ಲ ಬಹುತೇಕ ಗಟ್ಟಿಶಿಲೆಯ ಮೇಲೆ ಕುಳಿತಿದೆ. ಶಿಥಿಲವಾದ ಮೇಲುಪದರ, ಅಂದರೆ ಸಾಮಾನ್ಯವಾಗಿ 60ರಿಂದ 100 ಅಡಿಯವರೆಗಿನ ಭಾಗ, ಸ್ಪಂಜಿನಂತೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಕೆಳಗಿರುವುದು ಬಂಡೆ. ಬಂಡೆಯ ಬಿರುಕುಗಳಲ್ಲಷ್ಟೇ ನೀರು. ಆಳಕ್ಕೆ ಹೋದಂತೆ ಬಿರುಕುಗಳೂ ಕಡಿಮೆಯಾಗುತ್ತವೆ. ಆ ಬಿರುಕುಗಳಿಗೆ ನೀರು ಬರಬೇಕಾದುದು ಮೇಲಿನ ಪದರದಿಂದ. ಎಂಟುನೂರು ಅಡಿಯಲ್ಲಿ ಗಂಗೆ ಸಿಕ್ಕಳೆಂದು ತೆಂಗಿನಕಾಯಿ ಒಡೆಯುವವನು ಅನೇಕ ವೇಳೆ ನೆರೆಯವನ ಬಾವಿಯ ನೀರನ್ನೇ ಬೇರೆ ದಾರಿಯಿಂದ ಎಳೆಯುತ್ತಿರುತ್ತಾನೆ. ಪಾಯಿಂಟ್ ನೋಡುವವರು ಕವಲುಕಡ್ಡಿ ಹಿಡಿದು ತೋರಿಸುವ 'ಪಾತಾಳಗಂಗೆ' ಎಂಬುದೊಂದು ನದಿ ನಮ್ಮ ಕಾಲಡಿಯಲ್ಲಿ ಹರಿಯುತ್ತಿದೆಯೆಂಬ ನಂಬಿಕೆ ಎಷ್ಟು ಜನ ರೈತರನ್ನು ಸಾಲಕ್ಕೆ ತಳ್ಳಿದೆಯೆಂಬುದು ಬೇರೆಯೇ ಕಥೆ.

ಇನ್ನು ತತ್ತ್ವದ ಮಾತು. ಒಂದು ವಸ್ತು 'ನನ್ನದು' ಹೇಗಾಗುತ್ತದೆ? ಹದಿನೇಳನೆಯ ಶತಮಾನದ ಆಂಗ್ಲ ತತ್ತ್ವಜ್ಞಾನಿ ಜಾನ್ ಲಾಕ್ ಇದಕ್ಕೆ ಕೊಟ್ಟ ಉತ್ತರ ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ಪಾಠವಾಗುತ್ತದೆ. ಪ್ರಕೃತಿಯಲ್ಲಿ ಎಲ್ಲರಿಗೂ ಸೇರಿದುದಕ್ಕೆ ಮನುಷ್ಯನು ತನ್ನ ದುಡಿಮೆಯನ್ನು ಬೆರೆಸಿದಾಗ ಅದು ಅವನದಾಗುತ್ತದೆ ಎಂದು ಆತನ ಮತ. ಆತನು ನೀರಿನ ದೃಷ್ಟಾಂತವನ್ನೇ ಕೊಡುತ್ತಾನೆ: ಚಿಲುಮೆಯಲ್ಲಿ ಹರಿಯುವ ನೀರು ಎಲ್ಲರದು, ಕೊಡದಲ್ಲಿ ತುಂಬಿಕೊಂಡ ನೀರು ತುಂಬಿಕೊಂಡವನದು. ಶರಣರ ಕಾಯಕತತ್ತ್ವವನ್ನು ಅರಿತವರಿಗೆ ಈ ಮಾತು ಹೊಸದೆನಿಸದು. ಆದರೆ ಲಾಕ್ ಒಂದು ನಿಬಂಧನೆಯನ್ನೂ ಇಟ್ಟಿದ್ದಾನೆ. ಅವನನ್ನು ಆಸ್ತಿಹಕ್ಕಿನ ಪರವಾಗಿ ಉದಾಹರಿಸುವವರು ಇದನ್ನು ಮರೆಯುವುದೇ ಹೆಚ್ಚು. ಒಬ್ಬನು ತೆಗೆದುಕೊಂಡ ಮೇಲೂ ಉಳಿದವರಿಗೆ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ಇಡೀ ಹೊಳೆ ಹರಿಯುತ್ತಿರುವಾಗ ಒಬ್ಬನು ಬೊಗಸೆ ತುಂಬ ಕುಡಿದರೆ ಇನ್ನೊಬ್ಬನಿಗೆ ನಷ್ಟವಿಲ್ಲ. ನಮ್ಮ ಗಟ್ಟಿಶಿಲೆಯ ಸೀಮೆಯಲ್ಲಿ ಹೊಳೆಯಿಲ್ಲ. ಇರುವುದು ಒಂದು ಮಡಕೆ. ಅದಕ್ಕೆ ಹತ್ತು ಜನ ಕೊಳವೆ ಇಳಿಸಿದ್ದಾರೆ.

ಹೀಗಿರುವಾಗ ಹೊಲದಲ್ಲಿ ಎರಡು ಬಗೆಯ ನೀರನ್ನು ಬೇರೆ ಮಾಡಿ ನೋಡುವುದು ಅವಶ್ಯವೆಂದು ನಮಗೆ ತೋರುತ್ತದೆ. ಒಂದು, ತನ್ನ ಹೊಲದ ಮೇಲೆ ಬಿದ್ದು, ತಾನು ಹಾಕಿದ ಬದುವಿನಿಂದ ನಿಂತ ನೀರು. ಇನ್ನೊಂದು, ತನ್ನ ಕೊಳವೆಗೆ ಎಲ್ಲೆಲ್ಲಿಂದಲೋ ಹರಿದುಬಂದ ನೀರು. ಮೊದಲನೆಯದರಲ್ಲಿ ರೈತನ ದುಡಿಮೆಯಿದೆ, ವಿವೇಕವಿದೆ. ವಿಜಯಪುರದ ಕಡೆಯ ಎರೆಭೂಮಿಯ ಒಕ್ಕಲಿಗನನ್ನು ನೋಡಿರಿ. ಮುಂಗಾರಿನಲ್ಲಿ ಹೊಲವನ್ನು ಬಿತ್ತದೆ, ಹರಗಿ ಹದಮಾಡಿ, ಒಡ್ಡು ಕಟ್ಟಿ, ಬಿದ್ದ ಮಳೆಯನ್ನು ಮಣ್ಣಿಗೇ ಕುಡಿಸುತ್ತಾನೆ. ಒಂದು ಮೀಟರ್ ಆಳದ ಎರೆಮಣ್ಣು ಬೆಳೆಗೆ ಒದಗುವಂತೆ 150ರಿಂದ 200 ಮಿಲಿಮೀಟರಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಿಂಗಾರಿನಲ್ಲಿ ಬಿಳಿಜೋಳ ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಆ ಹಸಿಯ ಮೇಲೆಯೇ ತೆನೆ ಹಿರಿಯುತ್ತದೆ. ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದೂ ನೀರು ನಿರ್ವಹಣೆಯೇ; ಅದನ್ನು ಯಾವ ಇಲಾಖೆಯೂ ಅವನಿಗೆ ಕಲಿಸಲಿಲ್ಲ. ಈ ನೀರನ್ನು ಅವನು ತನ್ನದೆಂದರೆ ಅದರಲ್ಲಿ ಯಾರ ಪಾಲನ್ನೂ ಕಸಿದುಕೊಂಡಂತಾಗುವುದಿಲ್ಲ.

ಎರಡನೆಯ ಬಗೆಯ ನೀರಿಗೆ ಲೆಕ್ಕ ಹಾಕಿ ನೋಡಬೇಕು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಸೀಮೆಯಲ್ಲಿ ಎಕರೆಗೆ ಬೀಳುವುದು 24 ಲಕ್ಷ ಲೀಟರ್. ಇದರಲ್ಲಿ ಬಹುಪಾಲು ಆವಿಯಾಗುತ್ತದೆ, ಬೆಳೆ ಹೀರುತ್ತದೆ, ಹಳ್ಳ ಸೇರುತ್ತದೆ. ಗಟ್ಟಿಶಿಲೆಯ ನೆಲದಲ್ಲಿ ಆಳಕ್ಕೆ ಇಂಗುವುದು ಹತ್ತರಲ್ಲಿ ಒಂದು ಪಾಲೆಂದರೆ ಉದಾರವಾಗಿ ಹೇಳಿದಂತೆ. ಅಂದರೆ ಎಕರೆಗೆ ಎರಡೂವರೆ ಲಕ್ಷ ಲೀಟರಿಗಿಂತ ಸ್ವಲ್ಪ ಕಡಿಮೆ. ಈಗ ಅಡಿಕೆಯ ತೋಟವನ್ನು ತೆಗೆದುಕೊಳ್ಳಿರಿ. ಎಕರೆಗೆ ಸುಮಾರು 550 ಮರ. ಹನಿನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 18 ಲೀಟರಿನಂತೆ ಹಿಡಿದರೂ ದಿನಕ್ಕೆ ಹತ್ತಿರ ಹತ್ತಿರ 10,000 ಲೀಟರ್. ಮಳೆಯಿಲ್ಲದ ಆರು ತಿಂಗಳಿಗೆ 18 ಲಕ್ಷ ಲೀಟರ್. ಒಂದು ಎಕರೆ ತೋಟವು ಏಳು ಎಕರೆಗೂ ಹೆಚ್ಚು ನೆಲದಲ್ಲಿ ಇಂಗಿದ ನೀರನ್ನು ಕುಡಿಯುತ್ತದೆ. ಹನಿನೀರಾವರಿಯಿಲ್ಲದೆ ಹರಿನೀರು ಬಿಡುವವನ ತೋಟದ ಲೆಕ್ಕ ಇನ್ನೂ ದೊಡ್ಡದು. ಏಳು ಎಕರೆ ಇದ್ದವನು ಒಂದು ಎಕರೆ ತೋಟ ಮಾಡಿದರೆ ಅವನು ತನ್ನ ಪಾಲನ್ನು ಉಂಡನೆನ್ನಬಹುದು. ಎರಡು ಎಕರೆ ಇದ್ದವನು ಎರಡನ್ನೂ ತೋಟ ಮಾಡಿದರೆ, ಉಳಿದ ಹನ್ನೆರಡು ಎಕರೆಯ ಪಾಲು ಯಾರದು? ಲೆಕ್ಕ ಒರಟಾದುದು, ಊರಿಂದೂರಿಗೆ ಹೆಚ್ಚುಕಡಿಮೆಯಾಗುವಂಥದು. ಆದರೆ 'ನನ್ನ ಹೊಲ, ನನ್ನ ನೀರು' ಎಂಬ ಮಾತು ಎಲ್ಲಿಯವರೆಗೆ ನಿಜ, ಎಲ್ಲಿಂದ ಸುಳ್ಳು ಎಂಬುದನ್ನು ಇದು ತೋರಿಸುತ್ತದೆ.

ಈ ತಿಳಿವಳಿಕೆ ನಮ್ಮ ಹಿರಿಯರಿಗೆ ಇರಲಿಲ್ಲವೆಂದು ಹೇಳಲಾಗದು. ಅಣ್ಣತಮ್ಮಂದಿರು ಭಾಗವಾದಾಗ ಬರೆಯಿಸುತ್ತಿದ್ದ ಹಳೆಯ ಪಾಲುಪಟ್ಟಿಗಳನ್ನು ಓದಿದರೆ ಒಂದು ವಿಶೇಷ ಕಾಣುತ್ತದೆ. ನೆಲವನ್ನು ಗುಂಟೆಗಟ್ಟಲೆ ಅಳೆದು ಹಂಚುತ್ತಿದ್ದರು. ಮನೆಯ ಅಂಕಣಗಳನ್ನು ಹಂಚುತ್ತಿದ್ದರು, ತೆಂಗಿನ ಮರಗಳನ್ನು ಎಣಿಸಿ ಹಂಚುತ್ತಿದ್ದರು. ಬಾವಿಯನ್ನು ಮಾತ್ರ ಹಂಚದೆ ಸಾಮಾನ್ಯಕ್ಕೆ ಬಿಟ್ಟು, ದೊಡ್ಡವನಿಗೆ ಇಷ್ಟು ದಿನ, ನಡುವಿನವನಿಗೆ ಇಷ್ಟು ದಿನ ಎಂದು ಸರದಿ ಬರೆಯುತ್ತಿದ್ದರು. ಬಾವಿ ಯಾರ ಪಾಲಿನ ನೆಲದಲ್ಲಿದ್ದರೂ ಉಳಿದವರಿಗೆ ಅಲ್ಲಿಗೆ ಹೋಗಿಬರುವ ದಾರಿ, ಕಾಲುವೆ ಹಾಯುವ ಜಾಗ ಇವು ನಮೂದಾಗುತ್ತಿದ್ದವು. ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಸರದಿ ತಪ್ಪಿಸುತ್ತಿರಲಿಲ್ಲ. ತಪ್ಪಿಸಿದರೆ ಊರು ಕೇಳುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಒಂದೊಂದು ಪಾಲಿಗೂ ಒಂದೊಂದು ಬೋರು ಬಂದಿತು. ಅಣ್ಣನ ಬೋರಿಗಿಂತ ನೂರಡಿ ಆಳಕ್ಕೆ ತಮ್ಮನದು, ಅದಕ್ಕಿಂತ ಆಳಕ್ಕೆ ಮತ್ತೊಬ್ಬನದು.

ಉಪಕರಣವೂ ಮನಸ್ಸನ್ನು ರೂಪಿಸುತ್ತದೆಯೆಂಬುದು ಇಲ್ಲಿ ಗಮನಿಸಬೇಕಾದ ಮಾತು. ಏತ, ಕಪಿಲೆಗಳ ಕಾಲದಲ್ಲಿ ಎತ್ತು ದಣಿದಾಗ ನೀರೆತ್ತುವುದು ನಿಲ್ಲುತ್ತಿತ್ತು. ಬಾವಿಯ ತಳ ಕಣ್ಣಿಗೆ ಕಾಣುತ್ತಿತ್ತು. ಒರತೆ ಕೂಡಿಕೊಳ್ಳಲೆಂದು ರಾತ್ರಿಯೆಲ್ಲ ಬಿಡುತ್ತಿದ್ದರು. ಎಷ್ಟು ನೀರಿದೆ, ಎಷ್ಟು ಉಳಿಯಿತು, ನಾಳೆಗೆ ಎಷ್ಟು ಎಂಬುದು ದಿನದಿನದ ಮಾತಾಗಿತ್ತು. ಕೊಳವೆಬಾವಿಯ ನೀರನ್ನು ಯಾರೂ ಕಾಣುವುದಿಲ್ಲ. ಪೈಪಿನ ಬಾಯಲ್ಲಿ ಬಂದಾಗ ಇದೆ, ಬಾರದಾಗ ಇಲ್ಲ. ನಮ್ಮ ರಾಜ್ಯದಲ್ಲಿ 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಗಿದೆ. ಅದು ಬಡರೈತನಿಗೆ ಆಸರೆಯಾದುದೂ ನಿಜ. ಆದರೆ ಕರೆಂಟು ಬರುವುದು ಕೆಲವೇ ಗಂಟೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ; ಅದಕ್ಕಾಗಿ ರೈತರು ಆಟೋ ಸ್ಟಾರ್ಟರ್ ಅಳವಡಿಸಿಕೊಂಡರು. ಕರೆಂಟು ಬಂದೊಡನೆ ಊರಿನ ಮೋಟಾರುಗಳೆಲ್ಲ ಒಟ್ಟಿಗೆ ತಾವೇ ತಿರುಗುತ್ತವೆ. ಇಂದು ಇಷ್ಟು ಸಾಕು ಎಂದು ನಿರ್ಧರಿಸಬೇಕಾದವನು ಆ ಹೊತ್ತಿನಲ್ಲಿ ಮನೆಯಲ್ಲಿ ನಿದ್ರಿಸುತ್ತಿರುತ್ತಾನೆ.

ಹಾಗಾದರೆ ಹಿಂದಿನದೆಲ್ಲ ಒಳ್ಳೆಯದಾಗಿತ್ತೇ? ಕೆರೆಗಳ ವ್ಯವಸ್ಥೆಯನ್ನು ಹೊಗಳುವುದು ಈಗ ರೂಢಿಯಾಗಿದೆ. ಹೊಗಳತಕ್ಕ ಅಂಶಗಳೂ ಇವೆ. ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿದ್ದವೆಂಬುದು ಸಾಮಾನ್ಯ ಸಂಗತಿಯಲ್ಲ. ಕೆರೆಯ ರಕ್ಷಣೆಗೆಂದು ಅಚ್ಚುಕಟ್ಟಿನ ಆದಾಯದಲ್ಲಿ ಪಾಲು ತೆಗೆದಿಡುತ್ತಿದ್ದ ಬಿತ್ತುವಟ್ಟ, ಕೆರೆ ಕಟ್ಟಿಸಿದವರಿಗೆ ಕೊಡುತ್ತಿದ್ದ ಕಟ್ಟುಕೊಡಗೆ ಇವು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ತೂಬು ಎತ್ತುವ ನೀರುಗಂಟಿಯು ಗದ್ದೆಯಿಂದ ಗದ್ದೆಗೆ ನೀರು ಹಾಯಿಸುತ್ತಿದ್ದನು. ಬರದ ವರ್ಷದಲ್ಲಿ ಎಷ್ಟು ಗದ್ದೆಗೆ ನೀರು ಸಾಲುವುದೆಂದು ಮೊದಲೇ ತೀರ್ಮಾನವಾಗುತ್ತಿತ್ತು. ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆದರೆ ಹೊಲಕ್ಕೂ ಸಾರ, ಕೆರೆಗೂ ಆಳ. ಆದರೆ ಆ ನೀರುಗಂಟಿಯು ಅನೇಕ ಊರುಗಳಲ್ಲಿ ದಲಿತ ಕುಲದವನು; ಊರಿಗೆಲ್ಲ ನೀರು ಹಂಚುವವನಿಗೆ ಊರ ಬಾವಿಯಲ್ಲಿ ನೀರು ಸೇದುವ ಅಧಿಕಾರವಿರಲಿಲ್ಲ. ಕೆರೆಯ ಮಣ್ಣು ಹೊತ್ತವರಲ್ಲಿ ಬಿಟ್ಟಿಯಾಳುಗಳೂ ಇದ್ದರು. ಅಚ್ಚುಕಟ್ಟಿನ ಗದ್ದೆಯಾದರೋ ಉಳ್ಳವರದು. ಕೆರೆಯ ನೀರು ಕುಡಿಯುವ ಹಕ್ಕಿಗಾಗಿ 1927ರಲ್ಲಿ ಮಹಾಡದಲ್ಲಿ ಡಾ. ಅಂಬೇಡ್ಕರರು ಸತ್ಯಾಗ್ರಹ ನಡೆಸಬೇಕಾಯಿತೆಂಬುದನ್ನು ಮರೆತು ಹಳೆಯ ನೀರುವ್ಯವಸ್ಥೆಯನ್ನು ಸಾಮರಸ್ಯದ ಚಿತ್ರವೆಂದು ಬಣ್ಣಿಸಬಾರದು. ಏರಿಯ ಮೇಲುಭಾಗದಲ್ಲಿ ಖುಷ್ಕಿ ನೆಲವಿಟ್ಟುಕೊಂಡಿದ್ದ ಸಣ್ಣ ರೈತನಿಗೆ ಕೆರೆಯಿಂದ ಹನಿ ನೀರೂ ಬರುತ್ತಿರಲಿಲ್ಲ. ಅಂಥವನು ಮೊದಲ ಬಾರಿಗೆ ಬೋರು ಹಾಕಿಸಿ ನೀರು ಕಂಡಾಗ ಪಟ್ಟ ಸಂತೋಷ ನ್ಯಾಯವಾದುದು. ಅವನಿಗೆ ಸಂಯಮವನ್ನು ಬೋಧಿಸಲು ಹೊರಡುವವರು ಈ ಚರಿತ್ರೆಯನ್ನು ಅರಿತಿರಬೇಕು.

ಇಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರ ನೆನಪು ಸಹಜವಾಗಿ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅವರು ಕಟ್ಟಿಸಿದ ಕೆರೆ ಇಂದಿಗೂ ಸೊಲ್ಲಾಪುರದಲ್ಲಿದೆ. ಆ ಕೆರೆಯ ಕೆಲಸ ನಡೆದಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಸಿದ್ಧರಾಮರನ್ನು ಕೇವಲ ಮಣ್ಣು ಅಗೆಸುವವನೆಂಬಂತೆ ಹಂಗಿಸಿದರೆಂದೂ ಜನ ಕೋಪಗೊಂಡು ಕಲ್ಲೆಸೆದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಪ್ರಭುದೇವರು ಕೆರೆ ಕಟ್ಟುವುದನ್ನೇ ನಿರಾಕರಿಸಿದರು, ಲೋಕೋಪಕಾರವನ್ನು ಕೀಳಾಗಿ ಕಂಡರು ಎಂದು ಕೆಲವರು ಅರ್ಥ ಮಾಡುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಅವರ ಆಕ್ಷೇಪಣೆಯಿದ್ದುದು ಕೆರೆಯ ಮೇಲಲ್ಲ, ಕೆರೆಯನ್ನು 'ನಾನು ಮಾಡಿದೆ' ಎಂಬ ಭಾವದ ಮೇಲೆ. ಸಾವಿರಾರು ಜನರಿಗೆ ನೀರು ಕೊಡುವ ಕೆರೆ ಕಟ್ಟಿದವನಿಗೇ ಆ 'ನಾನು' ಸಲ್ಲದೆಂದಮೇಲೆ, ಸಾಲದ ದುಡ್ಡಿನಲ್ಲಿ ಯಂತ್ರದಿಂದ ತೂತು ಕೊರೆಯಿಸಿದವನಿಗೆ 'ನನ್ನ ನೀರು' ಎಂಬ ಮಾತು ಹೇಗೆ ಸಲ್ಲುವುದು? ಕೊರೆತದಲ್ಲಿ ಅವನ ಖರ್ಚಿದೆ, ನೀರಿನಲ್ಲಿ ಅವನ ದುಡಿಮೆಯಿಲ್ಲ. ನೀರು ಬಂದುದು ಮಳೆಯಿಂದ ಮತ್ತು ನೆರೆಹೊರೆಯ ನೆಲದಿಂದ. ಬಂದುದನ್ನು ಬಳಸಬೇಕು, ಬಳಸಿದ ಮೇಲೆ ಉಳಿದವರ ಪಾಲನ್ನು ನೆನೆಯಬೇಕು. ದಾಸೋಹವೆಂಬುದು ಉಣಬಡಿಸುವ ಪಂಕ್ತಿಗೆ ಮಾತ್ರ ಸೀಮಿತವಾದ ಮಾತಲ್ಲವಷ್ಟೆ.

ಇಷ್ಟಕ್ಕೇ ನಿಲ್ಲಿಸಿ, ಆಸೆ ಬಿಡಿರಿ, ಮಿತವಾಗಿ ಬಳಸಿರಿ ಎಂದು ಉಪದೇಶಿಸಿದರೆ ಪೀಠದಲ್ಲಿ ಕುಳಿತವರ ಕೆಲಸ ಮುಗಿದಂತಾಗಬಹುದು. ರೈತನ ಸಮಸ್ಯೆ ಮುಗಿಯುವುದಿಲ್ಲ. ಅವನು ಕೇಳುವುದಿದು: "ನಾನು ಮೋಟಾರು ನಿಲ್ಲಿಸಿದರೆ ಆ ನೀರು ಉಳಿಯುತ್ತದೆಯೇ? ಪಕ್ಕದವನು ಎತ್ತುತ್ತಾನೆ. ನನ್ನ ತೋಟವೂ ಹೋಯಿತು, ಊರಿಗೂ ಉಳಿಯಲಿಲ್ಲ." ಇದನ್ನು ಕೇವಲ ನೆಪವೆಂದು ತಳ್ಳಿಹಾಕಲಾಗದು. ಸುಳ್ಳಾಡದಿರುವುದು, ಕಳದಿರುವುದು ಇಂಥ ವ್ರತಗಳನ್ನು ಒಬ್ಬನೇ ಪಾಲಿಸಿದರೂ ಅವುಗಳ ಫಲ ಕೆಡುವುದಿಲ್ಲ. ನೀರಿನ ಸಂಯಮ ಹಾಗಲ್ಲ. ಅದು ಒಬ್ಬನಿಂದ ಆಗುವ ವ್ರತವಲ್ಲ. ಒಬ್ಬನೇ ಹಿಡಿದರೆ ಅವನ ತ್ಯಾಗವು ಪಕ್ಕದವನ ಭೋಗಕ್ಕೆ ಗೊಬ್ಬರವಾಗುತ್ತದೆ. ಆದುದರಿಂದ ಇಲ್ಲಿ ಕರ್ತವ್ಯದ ರೂಪವೇ ಬೇರೆ. ಒಬ್ಬನೇ ನಿಲ್ಲಿಸಬೇಕೆಂಬ ಹೊಣೆ ಅವನಿಗಿಲ್ಲದಿರಬಹುದು. ಎಲ್ಲರೂ ಸೇರಿ ನಿಲ್ಲಿಸೋಣವೆಂದಾಗ ಹಿಂದೆ ಸರಿಯದಿರುವ ಹೊಣೆ ಇದೆ. ತನ್ನ ಬೋರಿನ ಆಳವೆಷ್ಟು, ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ನೆರೆಯವರಿಂದ ಮುಚ್ಚಿಡದಿರುವ ಹೊಣೆ ಇದೆ. ಅಂತಹ ಮಾತನ್ನು ಮೊದಲು ತೆಗೆಯುವ ಹೊಣೆ, ಊರಿನಲ್ಲಿ ಹೆಚ್ಚು ನೀರೆತ್ತುವವನ ಮೇಲೆಯೇ ಹೆಚ್ಚು. ಮಠಗಳಿಗೂ ಹೊಲತೋಟಗಳುಂಟು, ಕೊಳವೆಬಾವಿಗಳುಂಟು. ಈ ಮಾತು ಅವುಗಳಿಗೂ ಅನ್ವಯಿಸುತ್ತದೆ.

ಎಲ್ಲರೂ ಸೇರುವುದು ಆಗದ ಮಾತೆನ್ನುವವರು ನೆರೆಯ ಮಹಾರಾಷ್ಟ್ರವನ್ನು ನೋಡಬಹುದು. 1972ರ ಬರದ ತರುವಾಯ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವಿನಲ್ಲಿ ವಿಲಾಸರಾವ್ ಸಾಳುಂಖೆಯವರು 'ಪಾಣಿ ಪಂಚಾಯತ್' ಆರಂಭಿಸಿದರು. ಅಲ್ಲಿ ನೀರಿನ ಪಾಲು ನಿಂತುದು ನೆಲದ ಮೇಲಲ್ಲ, ತಲೆಯ ಮೇಲೆ. ಮನೆಯಲ್ಲಿ ಎಷ್ಟು ಜನರೋ ಅದರಂತೆ ತಲೆಗೆ ಅರ್ಧ ಎಕರೆಗೆ ಬೇಕಾದ ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಭೂಮಿಯಿಲ್ಲದವನಿಗೂ ಪಾಲು. ನೆಲ ಮಾರಿದರೆ ನೀರಿನ ಹಕ್ಕು ಅದರೊಂದಿಗೆ ಹೋಗುವುದಿಲ್ಲ. ಕಬ್ಬಿಗೆ ಅವಕಾಶವಿಲ್ಲ. ಅದು ಮುಖ್ಯವಾಗಿ ಕೆರೆಕುಂಟೆಗಳಿಂದ ಎತ್ತಿದ ನೀರು, ಕಣ್ಣಿಗೆ ಕಾಣುವ ನೀರು. ಹಂಚುವುದು ಅಷ್ಟರಮಟ್ಟಿಗೆ ಸುಲಭವೆಂಬುದನ್ನು ಒಪ್ಪಬೇಕು. ಆದರೆ ಅಹಮದ್‌ನಗರ ಜಿಲ್ಲೆಯ (ಈಗಿನ ಅಹಿಲ್ಯಾನಗರ) ಹಿವರೆ ಬಾಜಾರ್ ಎಂಬ ಹಳ್ಳಿಯವರು ಕಾಣದ ನೀರಿಗೂ ಕಟ್ಟು ಹಾಕಿಕೊಂಡರು. ವ್ಯವಸಾಯಕ್ಕೆ ಕೊಳವೆಬಾವಿ ಬೇಡವೆಂದು ಊರೇ ತೀರ್ಮಾನಿಸಿತು. ವರ್ಷದ ಮಳೆಯನ್ನು ಅಳೆದು, ಕುಡಿಯುವುದಕ್ಕೆ, ದನಕರುಗಳಿಗೆ ತೆಗೆದಿಟ್ಟು, ಉಳಿದುದರಲ್ಲಿ ಯಾವ ಬೆಳೆ ಬೆಳೆಯಬಹುದೆಂದು ಗ್ರಾಮಸಭೆಯಲ್ಲಿ ಲೆಕ್ಕ ಮಾಡುವ ಪದ್ಧತಿ ಅಲ್ಲಿ ಬಂದಿತು.

ನಮ್ಮ ಕಡೆ ಅಷ್ಟು ದೂರ ಹೋಗುವ ಮೊದಲು ಆಗಬಹುದಾದ ಕೆಲಸಗಳಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಬೇಸಿಗೆಯಲ್ಲಿ ಮಧ್ಯ ಕರ್ನಾಟಕದ ಅನೇಕ ರೈತರು ಟ್ಯಾಂಕರಿನಲ್ಲಿ ನೀರು ಕೊಂಡು ಅಡಿಕೆ ಮರಗಳನ್ನು ಉಳಿಸಿಕೊಂಡರು. ಜೋಳ, ರಾಗಿ ಬೆಳೆಯುವವನು ಮಳೆಯಿಲ್ಲದ ವರ್ಷ ನೆಲವನ್ನು ಬೀಳು ಬಿಡಬಲ್ಲನು. ತೋಟ ಮಾಡಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಸಸಿ ನೆಟ್ಟ ದಿನವೇ ಅವನು ಮುಂದಿನ ಹಲವು ದಶಕಗಳ ನೀರನ್ನು, ಇನ್ನೂ ಬೀಳದ ಮಳೆಯನ್ನು ಖರ್ಚಿಗೆ ಹಾಕಿದಂತೆ. ಈಗಿರುವ ತೋಟವನ್ನು ಕಡಿದುಹಾಕೆಂದು ಸಾಲದಲ್ಲಿರುವ ರೈತನಿಗೆ ಹೇಳುವುದು ನಿರ್ದಯವಾದೀತು. ಬಾವಿ ಬತ್ತಿದ ನೆರೆಯವನ ದನಕರುಗಳಿಗೂ ಮನೆಗೂ ಆ ಬೋರಿನಿಂದಲೇ ನೀರು ಸಲ್ಲಬೇಕೆಂದು ಹೇಳುವುದು ಮಾತ್ರ ನ್ಯಾಯವೇ. ಅದು ದಾನವಲ್ಲ, ಸರದಿ. ಅವನು ಒಪ್ಪಿದರೆ ಅವನ ಒಂದು ಮಡಿ ಜೋಳಕ್ಕೋ ಸೊಪ್ಪಿಗೋ ವಾರಕ್ಕೊಮ್ಮೆ ಹಾಯಿಸುವಷ್ಟು ನೀರನ್ನೂ ಬರೆದುಕೊಳ್ಳಬಹುದು, ಹಳೆಯ ಪಾಲುಪಟ್ಟಿಯಲ್ಲಿ ಬಾವಿಯ ದಿನಗಳನ್ನು ಬರೆದುಕೊಂಡಂತೆ. ಮುಂದಿನ ಎಕರೆಗೆ ಸಸಿ ತರಲು ಹೊರಟವನಾದರೋ ನರ್ಸರಿಗೆ ಹೋಗುವ ಮೊದಲು, ತನ್ನ ಸುತ್ತಿನ ಏಳೆಂಟು ಎಕರೆ ಯಾರಯಾರದೆಂದು ನೋಡಿ, ಅವರ ಮನೆಗಳಿಗೆ ಹೋಗಿ ಕೇಳಿಕೊಂಡು ಬರಲಿ. ಬೇಡವೆನ್ನುವ ಅಧಿಕಾರ ಅವರಿಗೆ ಕಾಯಿದೆಯಲ್ಲಿಲ್ಲ. ಆದರೂ ಕೇಳಬೇಕು.